ಅಮೆರಿಕದ ಫೋನು ಪಾಂಡವಪುರದಲ್ಲಿ ನಡೆಯುತ್ತಾ? ಕೊಳ್ಳುವ ಮುಂಚೆ ಬ್ಯಾಂಡ್ ನೋಡುವ ಬಗೆ

ಹೋದ ದಸರಾ ರಜೆಗೆ ನಮ್ಮ ಸೋದರತ್ತೆಯ ಮಗ ಅಮೆರಿಕದಿಂದ ಬಂದಿದ್ದ. ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿರುವ ಅವರಮ್ಮನಿಗೆ ಅಂತ ಹೊಸ ಫೋನ್ ತಂದಿದ್ದ. 5ಜಿ ಫೋನು, ಡಬ್ಬಿಯ ಸೀಲ್ ಕೂಡ ಒಡೆದಿರಲಿಲ್ಲ. ಮೈಸೂರಿನ ನಮ್ಮ ಮನೆಯಲ್ಲೇ ಸಿಮ್ ಹಾಕಿ ನೋಡಿದೆವು. ಸಿಗ್ನಲ್ ಕಡ್ಡಿ ಪೂರ್ತಿ ತುಂಬಿತ್ತು. ಜಂಬೂಸವಾರಿಯ ವಿಡಿಯೋ ಎಲ್ಲೂ ನಿಲ್ಲದೆ ಓಡಿತು. ಎಲ್ಲರಿಗೂ ಖುಷಿ.

ಮರುದಿನ ಊರಿಗೆ ಹೋದರೆ ಕಥೆಯೇ ಬೇರೆ. ಜಗಲಿಯಲ್ಲಿ ಒಂದು ಕಡ್ಡಿ ಬರುತ್ತಿತ್ತು. ನಡುಮನೆಗೆ ಬಂದರೆ 4ಜಿ ಅನ್ನುವುದು ಅಳಿಸಿ ಬರೀ 'ಇ' ಅನ್ನುವ ಹಳೇ 2ಜಿಯ ಅಕ್ಷರ ಕಾಣುತ್ತಿತ್ತು. ವಾಟ್ಸಾಪಿನ ಒಂದು ಫೋಟೋ ಕೂಡ ತೆರೆಯಲಿಲ್ಲ. ಅಲ್ಲೇ ಪಕ್ಕದಲ್ಲಿ ಕೂತಿದ್ದ ಮಾವನ ಏಳು ಸಾವಿರದ ಫೋನಿನಲ್ಲಿ ಅದೇ ಕಂಪನಿಯ ಸಿಮ್ ಸಲೀಸಾಗಿ ನಡೀತಿತ್ತು. ಸರಿ ಅಂತ ಇನ್ನೊಂದು ಕಂಪನಿಯ ಸಿಮ್ ಹಾಕಿದೆವು. ಈಗ ನೆಟ್ ಬಂತು. ಆದರೆ ಕರೆ ಹೋಗಲಿಲ್ಲ, ಬರಲೂ ಇಲ್ಲ.

"ಅಮೇರಿಕದ್ದು ಅಂತೀಯ, ಒಂದ್ರಲ್ಲಿ ಮಾತಿಲ್ಲ, ಒಂದ್ರಲ್ಲಿ ಮೊಮ್ಮಗಳ ಮಕ ಕಾಣಕಿಲ್ಲ, ಏನ್ ಮಗ ಇದು," ಅಂದರು ಅತ್ತೆ.

ಫೋನ್ ಕೆಟ್ಟಿರಲಿಲ್ಲ. ಟವರ್ ಕೂಡ ಸರಿಯಾಗಿಯೇ ಇತ್ತು. ಇಬ್ಬರೂ ಬೇರೆ ಬೇರೆ ಅಲೆಯಲ್ಲಿ ಮಾತಾಡುತ್ತಿದ್ದರು, ಅಷ್ಟೇ. ಮೈಸೂರು, ಮಂಡ್ಯದ ಕಡೆ ಈಗ ಮನೆಗೊಬ್ಬರು ಹೊರದೇಶದಲ್ಲಿದ್ದಾರೆ. ಅಲ್ಲಿಂದ ಫೋನ್ ಬರುತ್ತದೆ, ಇಲ್ಲಿಂದ ಮಕ್ಕಳು ಫೋನ್ ಹಿಡಿದು ಹೋಗುತ್ತಾರೆ. ಎರಡಕ್ಕೂ ಕಾಲು ಗಂಟೆ ಕೂತು ನೋಡಿಕೊಂಡರೆ ಈ ಪಾಡು ತಪ್ಪುತ್ತದೆ.

ಬ್ಯಾಂಡ್ ಅಂದರೆ ಏನು

ಮೈಸೂರಿನವರಿಗೆ ಇದನ್ನು ಹೇಳಿಕೊಡುವುದು ಸುಲಭ. 1935ರಲ್ಲೇ ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದ ರೇಡಿಯೊ ಪ್ರಸಾರ ಶುರು ಮಾಡಿದ ಊರಿದು. ಆ ಕೇಂದ್ರದ ಹೆಸರೇ ಆಕಾಶವಾಣಿ. ಇವತ್ತಿಗೂ ರೇಡಿಯೊ ಮುಳ್ಳನ್ನು 100.6ಕ್ಕೆ ತಂದರೆ ಮೈಸೂರು ಆಕಾಶವಾಣಿ ಸಿಗುತ್ತದೆ. ಈಗ ಯಾರೋ ಜಪಾನಿನಿಂದ ಒಂದು ಹಳೇ ರೇಡಿಯೊ ತಂದುಕೊಟ್ಟರು ಅಂದುಕೊಳ್ಳಿ. ಅಲ್ಲಿ ಎಫ್ಎಂ 76 ಮೆಗಾಹರ್ಟ್ಸ್‌ನಿಂದಲೇ ಶುರುವಾಗುತ್ತದೆ, ಎಷ್ಟೋ ಹಳೇ ಸೆಟ್‌ಗಳ ಮುಳ್ಳು 90ಕ್ಕೆ ನಿಂತುಬಿಡುತ್ತದೆ. ಸೆಟ್ ಎಷ್ಟೇ ಒಳ್ಳೆಯದಿರಲಿ, 100.6 ಅದಕ್ಕೆ ಎಟುಕುವುದಿಲ್ಲ.

ಫೋನ್ ಕೂಡ ಒಂದು ರೇಡಿಯೊ. ಕೇಳುವುದರ ಜೊತೆಗೆ ಮಾತನ್ನೂ ಆಡುತ್ತದೆ, ಅದೊಂದೇ ವ್ಯತ್ಯಾಸ. ಮೊಬೈಲ್ ಕಂಪನಿಗಳು ಬಳಸುವ ಅಲೆಗಳನ್ನು ತುಂಡು ತುಂಡಾಗಿ ವಿಂಗಡಿಸಿ ಪ್ರತಿ ತುಂಡಿಗೂ ಒಂದು ನಂಬರ್ ಕೊಟ್ಟಿದ್ದಾರೆ. ಅದೇ ಬ್ಯಾಂಡ್. 1800 ಮೆಗಾಹರ್ಟ್ಸ್ ಸುತ್ತಲಿನದ್ದು ಬ್ಯಾಂಡ್ 3. 900ರದ್ದು ಬ್ಯಾಂಡ್ 8. 5ಜಿ ಆದರೆ ನಂಬರಿನ ಹಿಂದೆ ಒಂದು 'ಎನ್' ಅಕ್ಷರ ಸೇರುತ್ತದೆ: ಎನ್78, ಎನ್28, ಹೀಗೆ.

ದೇಶ ದೇಶಕ್ಕೂ ಯಾಕೆ ಬೇರೆ? ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಜಗತ್ತನ್ನು ಮೂರು ಪಾಲು ಮಾಡಿದೆ. ಯುರೋಪ್, ಆಫ್ರಿಕಾ, ಅರಬ್ ದೇಶಗಳು ಮೊದಲ ಪಾಲು. ಎರಡೂ ಅಮೆರಿಕಗಳು ಎರಡನೆಯದು. ಭಾರತ ಸೇರಿದಂತೆ ಏಷ್ಯಾದ ಬಹುಭಾಗ ಮೂರನೆಯದು. ಅದರ ಮೇಲೆ ಒಂದೊಂದು ದೇಶದಲ್ಲೂ ಸೈನ್ಯ, ಟಿವಿ, ರೈಲ್ವೆ ಅಂತ ಯಾರ್ಯಾರೋ ಮುಂಚೆಯೇ ಜಾಗ ಹಿಡಿದಿದ್ದರು. ಉಳಿದದ್ದನ್ನು ಅವರವರ ಅನುಕೂಲಕ್ಕೆ ತಕ್ಕಂತೆ ಹರಾಜು ಹಾಕಿದರು.

ಇನ್ನೊಂದು ಮಾತು ಗೊತ್ತಿರಬೇಕು. ಗಣೇಶನ ಮೆರವಣಿಗೆಯ ಡಿಜೆ ಎರಡು ಬೀದಿ ಆಚೆ ಇದ್ದರೆ ಹಾಡಿನ ಮಾತು ಕೇಳುವುದಿಲ್ಲ. ದುಮ್ ದುಮ್ ಮಾತ್ರ ಗೋಡೆ ದಾಟಿ ಬಂದು ಎದೆಗೆ ಬಡಿಯುತ್ತದೆ, ಅಲ್ವಾ? ರೇಡಿಯೊ ಅಲೆಯೂ ಹಾಗೇ. ಮೆಗಾಹರ್ಟ್ಸ್ ಸಂಖ್ಯೆ (ಬ್ಯಾಂಡ್ ನಂಬರ್ ಅಲ್ಲ) ಚಿಕ್ಕದಿದ್ದಷ್ಟೂ ದೂರ ಹೋಗುತ್ತದೆ, ಗೋಡೆ ದಾಟುತ್ತದೆ. 700, 850, 900 ಇವು ಕೆಳಗಿನ ಅಲೆಗಳು. 2300, 3500 ಇವು ವೇಗ ಜಾಸ್ತಿ ಕೊಡುತ್ತವೆ, ಆದರೆ ದಪ್ಪ ಗೋಡೆ ಕಂಡರೆ ಸೋಲುತ್ತವೆ. ಆಳೆತ್ತರ ಬೆಳೆದ ಕಬ್ಬಿನ ಗದ್ದೆ ಅಡ್ಡ ಬಂದರೂ ಅಷ್ಟೇ, ನೀರು ತುಂಬಿದ ಎಲೆ ಅಲೆಯನ್ನು ಕುಡಿದುಬಿಡುತ್ತದೆ. ಅತ್ತೆ ಮನೆಯ ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ. ಆ ಫೋನಿನಲ್ಲಿ ಬ್ಯಾಂಡ್ 3 ಇತ್ತು, 4ಜಿಗೆ ಬ್ಯಾಂಡ್ 8 ಇರಲಿಲ್ಲ. ಒಳಗೆ ಬರುತ್ತಿದ್ದದ್ದು 8 ಒಂದೇ.

ಮೊದಲ ಹೆಜ್ಜೆ: ನಿಮ್ಮ ಸಿಮ್ ಕಂಪನಿಯ ಬ್ಯಾಂಡ್ ಬರೆದಿಟ್ಟುಕೊಳ್ಳಿ

ಎಲ್ಲರೂ ಫೋನಿನಿಂದ ಶುರು ಮಾಡುತ್ತಾರೆ. ತಪ್ಪು. ಸಿಮ್‌ನಿಂದ ಶುರು ಮಾಡಿ. ಫೋನ್ ಬಳಸುವವರ ಮನೆಯಲ್ಲಿ ಯಾವ ಕಂಪನಿ ಸಿಗುತ್ತದೆ ಅನ್ನುವುದೇ ಮೊದಲ ಪ್ರಶ್ನೆ.

ಭಾರತವನ್ನು 22 ಟೆಲಿಕಾಂ ವಲಯ ಮಾಡಿದ್ದಾರೆ. ಕರ್ನಾಟಕ ಪೂರ್ತಿ ಒಂದೇ ವಲಯ. ಹಾಗಾಗಿ ಮೈಸೂರಿಗೂ ಮಂಡ್ಯಕ್ಕೂ ಪಟ್ಟಿ ಒಂದೇ. ಆದರೆ ಎಲ್ಲ ಟವರಿನಲ್ಲೂ ಎಲ್ಲ ಬ್ಯಾಂಡ್ ಹಾಕಿರುವುದಿಲ್ಲ, ಅದು ನೆನಪಿರಲಿ.

ಜಿಯೊ 4ಜಿಗೆ ಬಳಸುವುದು ಬ್ಯಾಂಡ್ 5, 3 ಮತ್ತು 40. ಅಂದರೆ 850, 1800, 2300. 5ಜಿಗೆ ಮುಖ್ಯವಾಗಿ ಎನ್78, ಜೊತೆಗೆ 700ರ ಎನ್28. 2022ರ ಹರಾಜಿನಲ್ಲಿ 22 ವಲಯದಲ್ಲೂ 700 ಕೊಂಡದ್ದು ಇದೇ ಕಂಪನಿ.

ಏರ್‌ಟೆಲ್‌ನದ್ದು 8, 3, 1 ಮತ್ತು 40. ಕರ್ನಾಟಕದಲ್ಲಿ 2300ರ ಪರವಾನಗಿ ಅವರಿಗೆ 2010ರಿಂದಲೇ ಇದೆ. 5ಜಿಗೆ ಎನ್78.

ವೊಡಾಫೋನ್ ಐಡಿಯಾಗೆ 8, 3, 1. ಕೆಲವು ವಲಯಗಳಲ್ಲಿ 41 ಕೂಡ. 5ಜಿ ಸಿಗುವ ಕಡೆ ಎನ್78.

ಬಿಎಸ್ಎನ್ಎಲ್ ದಾರಿ ಬೇರೆ. ಅವರ ಸ್ವದೇಶಿ 4ಜಿ ನಡೆಯುವುದು 700ರ ಬ್ಯಾಂಡ್ 28 ಮತ್ತು 2100ರ ಬ್ಯಾಂಡ್ 1ರಲ್ಲಿ. ಮೇಲುಕೋಟೆ, ನಾಗಮಂಗಲದ ಕಡೆ ಬಿಎಸ್ಎನ್ಎಲ್ ನೆಚ್ಚಿಕೊಂಡವರು 28 ಇಲ್ಲದ ಫೋನ್ ಕೊಳ್ಳಲೇಬೇಡಿ.

ಈ ಪಟ್ಟಿ ನೋಡಿ ಗಾಬರಿ ಬೇಡ. ಒಂದು ಮಾತು ಹಿಡಿದುಕೊಂಡರೆ ಸಾಕು. ಖಾಸಗಿ ಕಂಪನಿ ಮೂರಕ್ಕೂ ಬ್ಯಾಂಡ್ 3 ಇದೆ, ಅದು ಪೇಟೆಯ ಬ್ಯಾಂಡ್. ಹಳ್ಳಿಗೆ, ಮನೆಯೊಳಗೆ ತಲುಪಿಸುವ ಕೆಳಗಿನ ಬ್ಯಾಂಡ್ ಮಾತ್ರ ಬೇರೆ ಬೇರೆ: ಜಿಯೊಗೆ 5, ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾಗೆ 8, ಬಿಎಸ್ಎನ್ಎಲ್‌ಗೆ 28. ನಿಮ್ಮ ಕಂಪನಿಯ ಆ ಒಂದು ನಂಬರ್ ಫೋನಿನಲ್ಲಿ ಇಲ್ಲದಿದ್ದರೆ, ಉಳಿದದ್ದೆಲ್ಲ ಇದ್ದರೂ ನನ್ನ ಲೆಕ್ಕದಲ್ಲಿ ಅದು ಇಲ್ಲಿಗೆ ಆಗುವ ಫೋನಲ್ಲ.

ಎರಡನೇ ಹೆಜ್ಜೆ: ಫೋನಿನ ಹೆಸರು ಬಿಡಿ, ಮಾದರಿ ಸಂಖ್ಯೆ ಹಿಡಿಯಿರಿ

ಒಂದೇ ಹೆಸರಿನ ಫೋನನ್ನು ಕಂಪನಿ ಅಮೆರಿಕಕ್ಕೆ ಒಂದು, ಯುರೋಪಿಗೆ ಒಂದು, ಭಾರತಕ್ಕೆ ಒಂದು ಅಂತ ಮಾಡುತ್ತದೆ. ಹೊರಗೆ ನೋಡಿದರೆ ಅವಳಿ ಮಕ್ಕಳು. ಒಳಗಿನ ರೇಡಿಯೊ ಬೇರೆ. "ಅದೇ ಫೋನ್ ನನ್ನ ಸ್ನೇಹಿತನ ಹತ್ರ ಇದೆ, ಚೆನ್ನಾಗಿ ನಡೀತಿದೆ" ಅನ್ನುವುದು ಸಾಕ್ಷಿಯೇ ಅಲ್ಲ.

ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್' ತೆರೆದರೆ ಮಾದರಿ ಸಂಖ್ಯೆ ಸಿಗುತ್ತದೆ. ಹೊಸ ಫೋನಾದರೆ ಡಬ್ಬಿಯ ಚೀಟಿಯ ಮೇಲೆ ಇರುತ್ತದೆ. ಸ್ಯಾಮ್‌ಸಂಗ್ ಗ್ಯಾಲಕ್ಸಿಯ ದುಬಾರಿ ಫೋನ್‌ಗಳಲ್ಲಿ ಸಂಖ್ಯೆಯ ಕೊನೆಯ ಅಕ್ಷರ ನೋಡಿ. 'ಯು' ಅಂತ ಇದ್ದರೆ ಅಮೆರಿಕದ ಮೊಬೈಲ್ ಕಂಪನಿ ಮಾರಿದ್ದು. 'ಯು1' ಅಂದರೆ ಅಮೆರಿಕದ್ದೇ, ಆದರೆ ಲಾಕ್ ಇಲ್ಲದ್ದು. 'ಎನ್' ಅಂದರೆ ಕೊರಿಯಾದ್ದು.

ಐಫೋನ್ ಆದರೆ ಸೆಟ್ಟಿಂಗ್ಸ್, ಜನರಲ್, ಅಬೌಟ್ ಅಂತ ಹೋಗಿ. ಅಲ್ಲಿ ಕಾಣುವ ಸಂಖ್ಯೆಯಲ್ಲಿ ಎರಡು ಸುಳಿವು ಸಿಗುತ್ತವೆ. ಕೊನೆಯ ಕಡೆ 'ಎಚ್ಎನ್' ಇದ್ದರೆ ಭಾರತಕ್ಕೆ ಮಾಡಿದ್ದು, 'ಎಲ್ಎಲ್' ಇದ್ದರೆ ಅಮೆರಿಕದ್ದು. ಮೊದಲಿನ ಅಕ್ಷರ 'ಎಂ' ಆದರೆ ಹೊಸದಾಗಿ ಮಾರಿದ್ದು, 'ಎಫ್' ಆದರೆ ರಿಪೇರಿ ಮಾಡಿ ಮತ್ತೆ ಮಾರಿದ್ದು, 'ಎನ್' ಆದರೆ ಕೆಟ್ಟ ಫೋನಿಗೆ ಬದಲು ಕೊಟ್ಟದ್ದು. ದೇವರಾಜ ಅರಸು ರಸ್ತೆಯಲ್ಲಾಗಲಿ ಬೇರೆಲ್ಲೇ ಆಗಲಿ, ಸೆಕೆಂಡ್ ಹ್ಯಾಂಡ್ ಐಫೋನ್ ನೋಡುವಾಗ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಅಂಗಡಿಯವರು "ಹೊಸ ಪೀಸ್ ಸಾರ್" ಅಂದಾಗ ಆ ಒಂದು ಅಕ್ಷರ ನೋಡಿ ಸುಮ್ನೆ ನಕ್ಕರೂ ಬೆಲೆ ಇಳಿಯುತ್ತದೆ. ಅದೇ ಸಾಲನ್ನು ಬೆರಳಲ್ಲಿ ಒಮ್ಮೆ ಮುಟ್ಟಿದರೆ 'ಎ' ಅಕ್ಷರದಿಂದ ಶುರುವಾಗುವ ಇನ್ನೊಂದು ಸಂಖ್ಯೆ ಬರುತ್ತದೆ. ಬ್ಯಾಂಡ್ ಹುಡುಕಲು ಬೇಕಾಗಿರುವುದು ಅದು.

ಈ ಸಂಖ್ಯೆ ಇಟ್ಟುಕೊಂಡು ಫೋನ್ ತಯಾರಿಸಿದ ಕಂಪನಿಯ ತಾಣದಲ್ಲೇ ಹುಡುಕಿ. ಆಪಲ್ ಮಾದರಿವಾರು ಬ್ಯಾಂಡ್ ಪಟ್ಟಿಯನ್ನೇ ಹಾಕಿದೆ. ಉಳಿದವಕ್ಕೆ ಜಿಎಸ್ಎಂ ಅರೆನಾ ಅನ್ನುವ ತಾಣದಲ್ಲಿ 'ನೆಟ್‌ವರ್ಕ್' ಅನ್ನುವ ಸಾಲನ್ನು ಒತ್ತಿದರೆ ದೇಶವಾರು ಬ್ಯಾಂಡ್ ಬಿಚ್ಚಿಕೊಳ್ಳುತ್ತದೆ. ಕಿಮೊವಿಲ್ ಅನ್ನುವ ತಾಣದಲ್ಲಿ ಫೋನ್ ಮತ್ತು ದೇಶ ಎರಡನ್ನೂ ಆರಿಸಿ ಹೋಲಿಸಬಹುದು. ಎರಡು ಕಡೆ ಬೇರೆ ಬೇರೆ ಇದ್ದರೆ ತಯಾರಿಸಿದವರ ಮಾತನ್ನೇ ನಂಬಿ.

ಮೂರನೇ ಹೆಜ್ಜೆ: ಎರಡೂ ಪಟ್ಟಿ ಪಕ್ಕಪಕ್ಕ ಇಡಿ. ಮೆಗಾಹರ್ಟ್ಸ್ ನಂಬಬೇಡಿ, ನಂಬರ್ ನಂಬಿ

ತುಂಬ ಜನ ಮೋಸ ಹೋಗುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

'700 ಮೆಗಾಹರ್ಟ್ಸ್ ಇದೆ' ಅಂತ ಅಮೆರಿಕದ ಫೋನಿನ ಮೇಲೆ ಬರೆದಿರುತ್ತದೆ. ಬಿಎಸ್ಎನ್ಎಲ್ ಕೂಡ 700. ಹಾಗಾದರೆ ಆಯ್ತಲ್ಲ? ಇಲ್ಲ. 700 ಅನ್ನುವುದು ಹಿಂದೆ ಟಿವಿಯವರ ಜಾಗ. ಅಮೆರಿಕ ಅದನ್ನು 2008ರಲ್ಲೇ ಹರಾಜು ಹಾಕಿತು, ತನಗೆ ಬೇಕಾದ ಹಾಗೆ ಕತ್ತರಿಸಿತು. ಏಷ್ಯಾ ಪೆಸಿಫಿಕ್ ದೇಶಗಳು ಆಮೇಲೆ ಅದೇ ಜಾಗವನ್ನು ಬೇರೆ ಅಳತೆಯಲ್ಲಿ ಕತ್ತರಿಸಿದವು. ನಮ್ಮ ಬ್ಯಾಂಡ್ 28ರಲ್ಲಿ ಟವರ್ ಮಾತಾಡುವುದು 758ರಿಂದ 803ರ ಒಳಗೆ. ಅಮೆರಿಕದ ಬ್ಯಾಂಡ್ 12ರಲ್ಲಿ ಟವರ್ ಮಾತಾಡುವುದು 729ರಿಂದ 746ರಲ್ಲಿ. ಬ್ಯಾಂಡ್ 13ರಲ್ಲಿ 746ರಿಂದ 756. ನೋಡಿ, ಒಂದಕ್ಕೊಂದು ತಾಗುವುದೇ ಇಲ್ಲ. ಒಂದೇ ಸರ್ವೆ ನಂಬರಿನ ಹೊಲವನ್ನು ಅಣ್ಣ ಉದ್ದಕ್ಕೆ, ತಮ್ಮ ಅಡ್ಡಕ್ಕೆ ಪಾಲು ಹಾಕಿಕೊಂಡ ಹಾಗೆ. ಬದು ಎಲ್ಲೂ ಕೂಡುವುದಿಲ್ಲ.

ಎರಡನೇ ಮೋಸ 2500, 2600ರದ್ದು. ಬ್ಯಾಂಡ್ 7 ಮತ್ತು ಬ್ಯಾಂಡ್ 41 ಹೆಚ್ಚುಕಮ್ಮಿ ಒಂದೇ ಜಾಗದಲ್ಲಿವೆ. ಆದರೆ ನಡೆಯುವ ರೀತಿ ಬೇರೆ. ಬ್ಯಾಂಡ್ 7 ಮೈಸೂರು–ಬೆಂಗಳೂರು ಹೆದ್ದಾರಿ ಇದ್ದ ಹಾಗೆ, ಹೋಗಲು ಒಂದು ದಾರಿ, ಬರಲು ಇನ್ನೊಂದು. ಬ್ಯಾಂಡ್ 41 ನಾಲೆಯ ಮೇಲಿನ ಕಿರು ಸೇತುವೆ. ಒಂದೇ ದಾರಿ, ಸರದಿಯ ಮೇಲೆ ಈ ಕಡೆಯವರು, ಆ ಕಡೆಯವರು. ಸರದಿ ಕ್ಷಣಕ್ಕೆ ನೂರಾರು ಬಾರಿ ಬದಲಾಗುವುದರಿಂದ ನಮಗೆ ಗೊತ್ತಾಗುವುದಿಲ್ಲ. ಬ್ಯಾಂಡ್ 40 ಕೂಡ ಸರದಿಯದ್ದೇ. ಒಂದು ರೀತಿ ಬರುವ ಫೋನಿಗೆ ಇನ್ನೊಂದು ರೀತಿ ಬಂದೇ ಬರುತ್ತದೆ ಅಂತೇನಿಲ್ಲ.

ಮೂರನೆಯದು 5ಜಿಯದ್ದು. ಎನ್77 ಅಂದರೆ 3300ರಿಂದ 4200. ಎನ್78 ಅಂದರೆ 3300ರಿಂದ 3800. ಚಿಕ್ಕದು ದೊಡ್ಡದರ ಒಳಗೇ ಇದೆ. ಆದರೂ ಪಟ್ಟಿಯಲ್ಲಿ ಎನ್78 ಅಂತ ಬೇರೆಯಾಗಿ ಬರೆದಿದೆಯಾ ನೋಡಿ, ತಂತ್ರಾಂಶದಲ್ಲಿ ಅದನ್ನು ತೆರೆದಿರಬೇಕು. ಉಲ್ಟಾ ಆದರೆ ತೊಂದರೆ ಜಾಸ್ತಿ. ಅಮೆರಿಕದ ಎರಡು ದೊಡ್ಡ ಕಂಪನಿಗಳು ಬಳಸುವುದು 3700ರಿಂದ 3980ರ ನಡುವಿನದ್ದು. ಎನ್78 ಮಾತ್ರ ಇರುವ ಭಾರತದ ಫೋನಿಗೆ ಅದು ಸರಿಯಾಗಿ ಸಿಗದು.

ಡಬ್ಬಿಯ ಮೇಲೆ '5ಜಿ' ಅಂತ ದೊಡ್ಡದಾಗಿ ಬರೆದಿರುವುದಕ್ಕೆ ಇಷ್ಟೇ ಬೆಲೆ. ಎಲ್ಲಿಯ 5ಜಿ ಅಂತ ಕೇಳಬೇಕು.

ನಾಲ್ಕನೇ ಹೆಜ್ಜೆ: ಕರೆ ಹೋಗುತ್ತಾ?

ಬ್ಯಾಂಡ್ ಎಲ್ಲ ಹೊಂದಿತು. ನೆಟ್ ಬಂತು. ಕರೆ ಮಾತ್ರ ಇಲ್ಲ. ಅತ್ತೆಯ ಫೋನಿಗೆ ಎರಡನೇ ಸಿಮ್ ಹಾಕಿದಾಗ ಆದದ್ದು ಇದೇ.

4ಜಿ ಹುಟ್ಟಿದ್ದು ಡೇಟಾಗಾಗಿ. ಅದರ ಮೇಲೆ ಮಾತು ಸಾಗಿಸಲು ವೋಲ್ಟಿ ಅನ್ನುವ ಬೇರೆ ಏರ್ಪಾಟು ಬೇಕು. ಪರದೆಯ ಮೂಲೆಯಲ್ಲಿ ವಿಒಎಲ್‌ಟಿಇ ಅಂತ ಸಣ್ಣದಾಗಿ ಕಾಣುತ್ತದಲ್ಲ, ಅದೇ. ವೋಲ್ಟಿ ನಡೆಯಲು ಫೋನಿನ ತಂತ್ರಾಂಶದಲ್ಲಿ ಆ ಮೊಬೈಲ್ ಕಂಪನಿಯ ವಿವರ ಮೊದಲೇ ತುಂಬಿರಬೇಕು. ಅಮೆರಿಕದ ಕಂಪನಿಯೊಂದಕ್ಕೆ ಅಂತಲೇ ಮಾಡಿದ ಅಗ್ಗದ ಫೋನಿನಲ್ಲಿ ನಮ್ಮ ಕಂಪನಿಗಳ ವಿವರ ಇರುವುದು ಅಪರೂಪ.

ಏರ್‌ಟೆಲ್, ವೊಡಾಫೋನ್ ಐಡಿಯಾ, ಬಿಎಸ್ಎನ್ಎಲ್ ಸಿಮ್‌ನಲ್ಲಿ ವೋಲ್ಟಿ ಸಿಗದಿದ್ದರೆ ಕರೆ 2ಜಿಗೆ ಇಳಿಯುತ್ತದೆ. ಮಾತಾಡಬಹುದು, ಮಾತಾಡುವಷ್ಟು ಹೊತ್ತು ನೆಟ್ ನಿಲ್ಲುತ್ತದೆ. ಜಿಯೊಗೆ 2ಜಿ, 3ಜಿ ಎರಡೂ ಇಲ್ಲ, 2016ರಲ್ಲಿ ಶುರುವಾದದ್ದೇ 4ಜಿಯಿಂದ. ಅಲ್ಲಿ ವೋಲ್ಟಿ ಇಲ್ಲ ಅಂದರೆ ಮಾತೇ ಇಲ್ಲ.

ಬ್ಯಾಂಡ್ ಇದ್ದೂ ತಂತ್ರಾಂಶ ಬಾಗಿಲು ತೆರೆಯದಿರುವುದು ಅಗ್ಗದ ಫೋನಿನ ಕಥೆ ಮಾತ್ರ ಅಲ್ಲ. ಭಾರತದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರಿನಲ್ಲಿ. ಆಗಲೇ ಜನರ ಕೈಯಲ್ಲಿದ್ದ ಐಫೋನ್ 12, 13, 14ರಲ್ಲಿ ಎನ್78 ಇತ್ತು. ಆದರೂ ಡಿಸೆಂಬರಿನಲ್ಲಿ ಐಒಎಸ್ 16.2 ಬರುವವರೆಗೆ ಆ ಫೋನ್‌ಗಳಲ್ಲಿ ಇಲ್ಲಿನ 5ಜಿ ಏಳಲಿಲ್ಲ. ಲಕ್ಷ ರೂಪಾಯಿ ಕೊಟ್ಟವರೂ ಕಾದರು.

ಹಾಗಾಗಿ ಕೊಳ್ಳುವ ಮುಂಚೆ ಆ ಫೋನ್ ಭಾರತದಲ್ಲಿ ಅಧಿಕೃತವಾಗಿ ಮಾರಾಟವಾಗುತ್ತಿದೆಯಾ ನೋಡಿ. ಆಗುತ್ತಿದ್ದರೆ ಹೊರದೇಶದ ಮಾದರಿಯಲ್ಲೂ ವೋಲ್ಟಿ ಸಿಗುವ ಸಾಧ್ಯತೆ ಹೆಚ್ಚು. ಭಾರತದಲ್ಲಿ ಹೆಸರೇ ಕೇಳದ ಫೋನ್ ಆದರೆ ದೂರವಿರಿ.

ಐದನೇ ಹೆಜ್ಜೆ: ಲಾಕ್ ಮತ್ತು ಸಿಮ್ ತಟ್ಟೆ

ಅಮೆರಿಕದಲ್ಲಿ ಕಂತಿನ ಮೇಲೆ ಕೊಂಡ ಫೋನಿಗೆ ಮೊಬೈಲ್ ಕಂಪನಿ ಬೀಗ ಹಾಕಿರುತ್ತದೆ. ಬೇರೆ ಸಿಮ್ ಹಾಕಿದರೆ ಒಪ್ಪುವುದಿಲ್ಲ. ಕಂತು ತೀರಿಸಿ ಅವರಿಂದಲೇ ಬೀಗ ತೆಗೆಸಬೇಕು, ಅದೂ ಅಲ್ಲಿಂದ ಹೊರಡುವ ಮುಂಚೆ. ಇಲ್ಲಿ ಬಂದ ಮೇಲೆ ಒದ್ದಾಟ. ಐಫೋನಿನ ಅಬೌಟ್ ಪುಟದಲ್ಲಿ 'ಕ್ಯಾರಿಯರ್ ಲಾಕ್' ಅನ್ನುವ ಸಾಲಿದೆ. 'ನೋ ಸಿಮ್ ರಿಸ್ಟ್ರಿಕ್ಷನ್ಸ್' ಅಂತ ಇದ್ದರೆ ಬೀಗ ಇಲ್ಲ.

ಸಿಮ್ ತಟ್ಟೆಯ ವಿಷಯ ಇನ್ನೂ ತಮಾಷೆ. ಅಮೆರಿಕದಲ್ಲಿ ಮಾರುವ ಐಫೋನ್‌ಗಳಿಗೆ 14ನೇ ಸರಣಿಯಿಂದ ಈಚೆಗೆ ಸಿಮ್ ಹಾಕುವ ಜಾಗವೇ ಇಲ್ಲ, ಫೋನಿನ ಒಳಗೇ ಕೂತಿರುವ ಇ-ಸಿಮ್ ಮಾತ್ರ. ಜಿಯೊ, ಏರ್‌ಟೆಲ್, ವೊಡಾಫೋನ್ ಐಡಿಯಾ ಮೂರೂ ಇ-ಸಿಮ್ ಕೊಡುತ್ತವೆ, ಪೇಟೆಯವರಿಗೆ ಅಡ್ಡಿಯಿಲ್ಲ. ಆದರೆ ಫೋನ್ ಕೆಟ್ಟ ದಿನ ಸಿಮ್ ಕಿತ್ತು ಹಳೇ ಫೋನಿಗೆ ಹಾಕಿಕೊಳ್ಳುವ ಅಭ್ಯಾಸ ಇರುವ ಹಿರಿಯರಿಗೆ ಇದು ಆಗಿಬರುವುದಿಲ್ಲ. ಚೀನಾದ ಬಹುಪಾಲು ಐಫೋನ್‌ಗಳಿಗೆ ಉಲ್ಟಾ, ಎರಡು ನಿಜವಾದ ಸಿಮ್ ಹಾಕಬಹುದು. ಚೀನಾದಲ್ಲಿ ಮಾರುವ ಆಂಡ್ರಾಯ್ಡ್ ಫೋನ್‌ಗಳಲ್ಲಿ ಗೂಗಲ್ ಆ್ಯಪ್‌ಗಳು ಬರುವುದಿಲ್ಲ, ಅದೂ ತಲೆಯಲ್ಲಿರಲಿ.

ಯಾರಾದರೂ "ಐಎಂಇಐ ಬದಲಾಯಿಸಿ ಕೊಡ್ತೀನಿ, ಎಲ್ಲ ಸರಿಹೋಗುತ್ತೆ" ಅಂದರೆ ಅಲ್ಲಿಂದ ಎದ್ದು ಬನ್ನಿ. ಐಎಂಇಐ ಅಂದರೆ ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ, ಅದನ್ನು ಬದಲಾಯಿಸಿದರೆ ಬ್ಯಾಂಡ್ ಹುಟ್ಟುವುದಿಲ್ಲ. ಅದು ಅಪರಾಧ ಕೂಡ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಇದಕ್ಕೆ ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ.

ಇಲ್ಲಿಂದ ಹೊರಡುವವರಿಗೆ

ಹೆಜ್ಜೆಗಳು ಅವೇ, ಪಟ್ಟಿ ಬೇರೆ.

ಅಮೆರಿಕಕ್ಕೆ ಹೋಗುವ ವಿದ್ಯಾರ್ಥಿಗಳಿಗೇ ಕಷ್ಟ ಜಾಸ್ತಿ. ಅಲ್ಲಿನ ಮುಖ್ಯ ಬ್ಯಾಂಡ್‌ಗಳು 2, 4, 66. ಕೆಳಗಿನವು 12, 13, 71 ಮತ್ತು 5. ಅಲ್ಲಿನ ವೆರಿಜಾನ್ ಕಂಪನಿಯ ಸಿಮ್ ಆದರೆ 13 ಬೇಕು. ಟಿ-ಮೊಬೈಲ್ ಆದರೆ 71, 5ಜಿಗೆ ಎನ್71 ಮತ್ತು ಎನ್41. ಇಲ್ಲಿ ಹದಿನೈದು ಸಾವಿರಕ್ಕೆ ಸಿಗುವ ಬಹುಪಾಲು ಫೋನ್‌ಗಳಲ್ಲಿ 12, 13, 71 ಇರುವುದಿಲ್ಲ. ಮೂರು ದೊಡ್ಡ ಕಂಪನಿಗಳೂ 2022ರಲ್ಲೇ 3ಜಿ ಮುಚ್ಚಿವೆ, ಹಾಗಾಗಿ ಅಲ್ಲೂ ವೋಲ್ಟಿ ಬೇಕೇ ಬೇಕು. ಎಟಿ ಅಂಡ್ ಟಿ ತಾನು ಒಪ್ಪಿದ ಫೋನ್‌ಗಳ ಪಟ್ಟಿಯನ್ನೇ ಇಟ್ಟುಕೊಂಡಿದೆ. ಅದರಲ್ಲಿ ಇಲ್ಲದ ಫೋನಿಗೆ ಆ ಸಿಮ್ ಕೊಳ್ಳಬೇಡಿ. ಓದಲು ಹೋಗುವ ಮಕ್ಕಳಿಗೆ ನಾನು ಹೇಳುವುದು ಇಷ್ಟು: ಹೊರಡುವ ಮುಂಚೆ ಇಲ್ಲಿ ದುಬಾರಿ ಹೊಸ ಫೋನ್ ಕೊಳ್ಳಬೇಡಿ. ಇರುವುದನ್ನೇ ಒಯ್ಯಿರಿ, ಹೊಸದನ್ನು ಅಲ್ಲೇ ಕೊಳ್ಳಿ.

ಯುರೋಪ್, ಬ್ರಿಟನ್, ಕೊಲ್ಲಿ ದೇಶಗಳು ನಮಗೆ ಅನುಕೂಲ. ಅಲ್ಲೂ 1, 3, 8 ನಡೆಯುತ್ತವೆ, 5ಜಿಗೆ ಎನ್78. ಜೊತೆಗೆ 20 ಮತ್ತು 7 ಇದ್ದರೆ ಚೆನ್ನ. ಬ್ಯಾಂಡ್ 20 ಅಲ್ಲಿನ ಹಳ್ಳಿಯ ಬ್ಯಾಂಡ್, ನಮ್ಮ ಕಡೆಯ 8 ಇದ್ದ ಹಾಗೆ.

ಸಿಂಗಪುರ 2017ರಲ್ಲೇ 2ಜಿ ನಿಲ್ಲಿಸಿತು. ಜಪಾನ್, ಕೊರಿಯಾದಲ್ಲಿ ನಮ್ಮ ರೀತಿಯ 2ಜಿ ಇರಲೇ ಇಲ್ಲ. ಅಪ್ಪನ ಬಟನ್ ಫೋನು ಅಲ್ಲಿ ಗಡಿಯಾರಕ್ಕೆ ಸಮ.

ಆಸ್ಟ್ರೇಲಿಯಾದ್ದು ಮಾತ್ರ ಬಿಗಿ. ಅಲ್ಲಿ 2024ರ ಕೊನೆಗೆ 3ಜಿ ಪೂರ್ತಿ ಮುಚ್ಚಿತು. ತುರ್ತು ಸಂಖ್ಯೆ 000ಗೆ 4ಜಿ ಮೇಲೆ ಕರೆ ಮಾಡಲಾಗದ ಫೋನಿಗೆ ಸೇವೆಯನ್ನೇ ಕೊಡಬಾರದು ಅನ್ನುವ ನಿಯಮ ಬಂತು. ಮಾಮೂಲಿ ಕರೆ ಹೋಗುತ್ತಿದ್ದರೂ 000 ಹೋಗದಿದ್ದರೆ ಅಲ್ಲಿನ ಕಂಪನಿ ಆ ಫೋನನ್ನು ಕತ್ತರಿಸುತ್ತದೆ. ಹೊರಡುವ ಮುಂಚೆ ಅಲ್ಲಿನ ಕಂಪನಿಯ ತಾಣದಲ್ಲಿ ಐಎಂಇಐ ಹಾಕಿ ನೋಡಿ. ಟರ್ಕಿಯಲ್ಲಿ ಇನ್ನೊಂದು ಬಗೆ: ಅಲ್ಲಿನ ಸಿಮ್ ಹಾಕಿದ ಹೊರದೇಶದ ಫೋನು ನೋಂದಣಿ ಮಾಡಿಸದಿದ್ದರೆ 120 ದಿನಕ್ಕೆ ಬಂದ್.

ಹೋಗುವುದು ಎಲ್ಲಿಗೇ ಆಗಲಿ, ಇಲ್ಲಿನ ಸಿಮ್ ಬಿಸಾಡಬೇಡಿ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ರೋಮಿಂಗ್ ತೆರೆಸಿಕೊಂಡು, ರೀಚಾರ್ಜ್ ಜೀವಂತ ಇಟ್ಟುಕೊಂಡು ಹೋಗಿ. ಎರಡು ಸಿಮ್ ಫೋನಿನಲ್ಲಿ ಒಂದು ಊರಿನದ್ದು, ಇನ್ನೊಂದು ಅಲ್ಲಿನದ್ದು. ಊರಿನ ಸಿಮ್‌ಗೆ ಡೇಟಾ ರೋಮಿಂಗ್ ಆಫ್ ಇರಲಿ, ಇಲ್ಲದಿದ್ದರೆ ಬಿಲ್ಲು ನೋಡಿ ತಲೆ ತಿರುಗುತ್ತದೆ.

ಫೋನ್ ಕೈಗೆ ಬಂದ ಮೇಲೆ

ಮೊದಲು *#06# ಒತ್ತಿ. 15 ಅಂಕಿಯ ಐಎಂಇಐ ಬರುತ್ತದೆ. ಸೆಕೆಂಡ್ ಹ್ಯಾಂಡ್ ಆಗಿದ್ದರೆ ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ ಅಂತ ಬರೆದು, ಜಾಗ ಬಿಟ್ಟು ಆ ಸಂಖ್ಯೆ ಹಾಕಿ 14422ಗೆ ಸಂದೇಶ ಕಳಿಸಿ. ಸರ್ಕಾರದ ಸಂಚಾರ್ ಸಾಥಿ ತಾಣದಲ್ಲೂ ನೋಡಬಹುದು. ಕದ್ದ ಫೋನ್ ಅಂತ ತಡೆ ಹಾಕಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಈಗ ಯಾವ ಬ್ಯಾಂಡ್ ಹಿಡಿದಿದೆ ಅಂತ ನೋಡಲು ಆಂಡ್ರಾಯ್ಡ್‌ನಲ್ಲಿ ನೆಟ್‌ಮಾನ್‌ಸ್ಟರ್ ಅನ್ನುವ ಆ್ಯಪ್ ಇದೆ. ಐಫೋನ್‌ನಲ್ಲಿ *3001#12345#* ಒತ್ತಿ ಕರೆ ಮಾಡಿದರೆ ಒಳಗಿನ ಪುಟ ತೆರೆಯುತ್ತದೆ. ಪೇಟೆಯಲ್ಲಿ ನೋಡಿ ಸಮಾಧಾನ ಪಡಬೇಡಿ. ಫೋನ್ ಬಳಸುವವರ ನಡುಮನೆಗೆ ಹೋಗಿ, ಬಾಗಿಲು ಹಾಕಿ ನೋಡಿ. ಆ ಜಾಗದಲ್ಲಿ 5, 8 ಅಥವಾ 28 ಹಿಡಿದರೆ ಗೆದ್ದಿರಿ. ಆಮೇಲೆ ಕರೆ ಮಾಡಿ, ಮಾತಾಡುತ್ತಿರುವಾಗಲೇ ಪರದೆ ನೋಡಿ. 4ಜಿ ಹಾಗೇ ನಿಂತಿದ್ದರೆ ವೋಲ್ಟಿ ನಡೀತಿದೆ. 2ಜಿ ಅಥವಾ 'ಇ' ಆದರೆ ಇಲ್ಲ.

ಅತ್ತೆಗೆ ಕೊನೆಗೆ ಮಂಡ್ಯದಲ್ಲೇ ಹನ್ನೆರಡು ಸಾವಿರಕ್ಕೆ ಒಂದು ಫೋನ್ ಕೊಡಿಸಿದೆವು. ಅಮೆರಿಕದ್ದು ಈಗ ನಮ್ಮ ಮನೆಯ ವೈಫೈಗೆ ಸೇರಿಕೊಂಡು ಮಕ್ಕಳ ಕೈಯಲ್ಲಿದೆ. ಅಳಿಯಂದಿರೋ ಮಕ್ಕಳೋ ಹೊರದೇಶದಿಂದ ಬರುವ ಸುದ್ದಿ ಬಂದಾಗ ಅತ್ತೆ ಪರವಾಗಿ ನಾನು ಈಗ ವಾಟ್ಸಾಪಿನಲ್ಲಿ ಕಳಿಸುವ ಸಂದೇಶ ಇದು. ಬೇಕಾದವರು ಬಳಸಿಕೊಳ್ಳಿ. ಖಾಲಿ ಜಾಗದಲ್ಲಿ ನಿಮ್ಮ ಕಂಪನಿ, ಅದರ ಕೆಳಗಿನ ಬ್ಯಾಂಡ್ ತುಂಬಿ. ವೊಡಾಫೋನ್ ಐಡಿಯಾ ಆದರೆ 40 ತೆಗೆದು, ಬಿಎಸ್ಎನ್ಎಲ್ ಆದರೆ 3, 40 ಎರಡನ್ನೂ ತೆಗೆದು 1 ಅಂತ ಬರೆಯಿರಿ.

"ಮಗಾ, ನಮ್ಮನೇಲಿ ಸಿಗೋದು ……… ಸಿಮ್. ಫೋನ್ ತಗೊಳೋ ಮುಂಚೆ ಅದರ ಪೂರ್ತಿ ಮಾದರಿ ಸಂಖ್ಯೆ ಕಳಿಸು, ಬರೀ ಹೆಸರು ಬೇಡ. 4ಜಿಯಲ್ಲಿ ಬ್ಯಾಂಡ್ 3, 40, ……… ಇದ್ಯಾ ನೋಡು. 5ಜಿ ಎನ್78 ಇದ್ಯಾ? ಕಂಪನಿ ಲಾಕ್ ಇಲ್ಲ ತಾನೆ? ಸಿಮ್ ಹಾಕೋ ತಟ್ಟೆ ಇದ್ಯಾ? ಇದರಲ್ಲಿ ಒಂದು ಇಲ್ಲ ಅಂದ್ರೂ ಫೋನ್ ಬೇಡ, ಇಲ್ಲೇ ತಗೊಳ್ತೀವಿ. ಬರೋವಾಗ ಬಾದಾಮಿ ತಗೊಂಡ್ ಬಾ."